ಅಡ್ವಾನ್ಸ್ ವಾಪಸ್ ಕೇಳಿ ಕೋರ್ಟಿಗೆ ಹೋದ ಮೇಲೆ

ಹಳೇ ಮನೆಯ ಓನರ್ ಮೇಲೆ ಕೇಸು ಹಾಕಿದ್ದೆವು ಅಂತ ಗೊತ್ತಾದವರೆಲ್ಲ ಮೊದಲು ಕೇಳುವುದು "ಗೆದ್ರಾ?" ಅಂತ. ಗೆದ್ದೆವು. ಪೂರ್ತಿ ಅಲ್ಲ, ಬಹುಪಾಲು. ಆದರೆ ಇವತ್ತಿಗೂ ನನ್ನನ್ನು ಕೊರೆಯುವುದು ಆ ವಿಷಯ ಅಲ್ಲ. ಅಷ್ಟೂ ತಿಂಗಳು ಓಡಾಡಿದವರು ನಾವು. ಫೋನ್ ಮಾಡಿದವರು ನಾವು, ಪತ್ರ ಬರೆದವರು ನಾವು, ಕಾಗದ ಹುಡುಕಿ ಜೋಡಿಸಿದವರು ನಾವು, ಕೋರ್ಟ್ ಫೀಸು ಕಟ್ಟಿದವರು ನಾವು, ರಜೆ ಹಾಕಿ ಬೆಂಚಿನ ಮೇಲೆ ಕಾದವರೂ ನಾವೇ. ಓನರ್ ಏನೂ ಮಾಡಬೇಕಾಗಿರಲಿಲ್ಲ. ಸುಮ್ನೆ ಇದ್ದರೆ ಸಾಕಿತ್ತು. ದುಡ್ಡು ನಮ್ಮದು ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಮನೆ ಖಾಲಿ ಮಾಡಿದಾಗ ವಾಪಸ್ ಕೊಡಬೇಕು ಅಂತ ಅಗ್ರಿಮೆಂಟಿನಲ್ಲೇ ಬರೆದಿತ್ತು. ಆದರೂ ದುಡ್ಡು ಯಾರ ಕೈಯಲ್ಲಿದೆಯೋ ಅವರ ಬಲವೇ ಜಾಸ್ತಿ.

ಬಾಡಿಗೆ ಒಂದು ವಾರ ತಡ ಆದರೆ ನಾವು ಕಾರಣ ಹೇಳಬೇಕು. ಅಡ್ವಾನ್ಸ್ ತಿಂಗಳುಗಟ್ಟಲೆ ತಡ ಆದರೂ ಓನರ್‌ಗೆ ಕಾರಣ ಹೇಳುವ ಒತ್ತಡವೇ ಇಲ್ಲ. ಕೇಳುವವರೇ ಸಂಕೋಚ ಪಡಬೇಕು, ಕೇಳುವವರೇ ದನಿ ತಗ್ಗಿಸಬೇಕು. ನಮ್ಮ ದುಡ್ಡಿಗೆ ನಾವೇ ಕೈಚಾಚಿ ನಿಂತ ಹಾಗಾಗುತ್ತದೆ. ಇದು ಹೀಗೇ ಇರಬೇಕು ಅಂತ ಏನೂ ಇಲ್ಲ. ಕೆಲವು ಕಡೆ ಕಾನೂನು ಈ ಸುಮ್ಮನಿರುವಿಕೆಯನ್ನೇ ತಡೆಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆದಾರರು ಮನೆ ಬಿಟ್ಟ 21 ದಿನದೊಳಗೆ ಓನರ್ ದುಡ್ಡು ವಾಪಸ್ ಕೊಡಬೇಕು. ಹಿಡಿದುಕೊಂಡರೆ ಯಾವುದಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಲೆಕ್ಕ ಕೊಡಬೇಕು. ಬೇಕಂತಲೇ ಹಿಡಿದಿಟ್ಟುಕೊಂಡರೆ ಅಡ್ವಾನ್ಸಿನ ಎರಡರಷ್ಟರವರೆಗೆ ದಂಡ ಬೀಳಬಹುದು. 2025ರಿಂದ ಮನೆ ಹೇಗಿದೆ ಅಂತ ಫೋಟೊ ತೆಗೆದಿಡುವ ಹೊಣೆಯೂ ಓನರ್ ಮೇಲೆಯೇ ಬಂದಿದೆ. ಅಂದರೆ ಅಲ್ಲಿ ಸುಮ್ಮನಿದ್ದರೆ ನಷ್ಟ ಓನರ್‌ಗೆ. ನಮ್ಮ ಕೇಸಿನಲ್ಲಿ ಅದು ತಿರುಗುಮುರುಗಾಗಿತ್ತು.

ಕೀ ಕೊಟ್ಟ ಸಂಜೆ

ಸಾಮಾನು ತುಂಬಿದ ಗಾಡಿ ಆಗಲೇ ಹೊರಟಿತ್ತು. ನಮ್ಮ ಯಜಮಾನರು ಅದರ ಜೊತೆ ಹೋಗಿದ್ದರು. ನಾನು ಗುಡಿಸಿ, ಒರೆಸಿ, ಕಿಟಕಿ ಕಟ್ಟೆಯ ಧೂಳು ತೆಗೆದು ಓನರ್‌ಗೆ ಕಾಯುತ್ತಿದ್ದೆ. ವಯಸ್ಸಾದವರು, ನಾವು ಅವರನ್ನು ಅಂಕಲ್ ಅಂತಲೇ ಕರೆಯುತ್ತಿದ್ದೆವು. ಬಂದವರೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮೊಬೈಲ್ ಟಾರ್ಚ್ ಹಾಕಿಕೊಂಡು ಒಂದೊಂದೇ ರೂಮು ನೋಡುತ್ತಾ ಹೋದರು. ಕ್ಯಾಲೆಂಡರ್ ತೂಗುಹಾಕಿದ್ದ ಜಾಗದಲ್ಲಿ ಮೊಳೆಯ ತೂತಿತ್ತು. ಅದರ ಮೇಲೆ ಹೆಬ್ಬೆರಳು ಇಟ್ಟು ಒತ್ತಿ ನೋಡಿದರು. ಅಡುಗೆಮನೆ ನಲ್ಲಿ ತಿರುಗಿಸಿ, ನಿಲ್ಲಿಸಿ, ಕೊನೇ ಹನಿ ಬೀಳುವವರೆಗೆ ಕಾದರು. ಬೆಡ್‌ರೂಮಿನ ಕಿಟಕಿ ಮೇಲೆ ತೇವದ ಕಲೆ ಇತ್ತು, ನಾವು ಬಂದ ದಿನದಿಂದಲೂ ಇದ್ದದ್ದು. ಅದಕ್ಕೂ ಟಾರ್ಚ್ ಬಿಟ್ಟರು. ಬಾಲ್ಕನಿ ಕಿಟಕಿಯ ಒಂದು ಗಾಜು ಮಗನ ಚೆಂಡು ತಾಗಿ ಬಿರುಕು ಬಿಟ್ಟಿತ್ತು. ಅದನ್ನು ನಾನೇ ಕರೆದು ತೋರಿಸಿದೆ, ಅದರ ಖರ್ಚು ಹಿಡಿದುಕೊಳ್ಳಿ ಅಂದೆ. "ಅದೇನು ಬಿಡಮ್ಮ, ಮಕ್ಕಳಿರೋ ಮನೆ. ಚೆನ್ನಾಗೇ ಇಟ್ಕೊಂಡಿದ್ದೀರ" ಅಂದರು. ಕೀಗಳನ್ನು ಎಣಿಸಿ ಅಂಗಿ ಜೇಬಿಗೆ ಹಾಕಿಕೊಂಡರು.

"ಅಡ್ವಾನ್ಸ್ ಅಂಕಲ್?" ಅಂದೆ.

"ಕೊಡೋಣಮ್ಮ, ಎಲ್ಲಿ ಹೋಗತ್ತೆ? ಲೆಕ್ಕ ನೋಡಿ ಹೇಳ್ತೀನಿ."

ಆ ಮಾತಿನಲ್ಲಿ ಕೆಟ್ಟ ಉದ್ದೇಶ ಇತ್ತು ಅಂತ ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆಮೇಲೆ ಫೋನಿಗೆ "ಹೊರಗಡೆ ಇದ್ದೀನಿ" ಅನ್ನುವ ಉತ್ತರ ಬರತೊಡಗಿತು. ಅದೂ ಆದ ಮೇಲೆ ಒಂದು ದಿನ ವಾಟ್ಸಾಪಿನಲ್ಲಿ ಒಂದು ಚೀಟಿಯ ಫೋಟೊ ಬಂತು. ಇಡೀ ಮನೆಗೆ ಬಣ್ಣ, ಕ್ಲೀನಿಂಗ್, ನಲ್ಲಿ ರಿಪೇರಿ, ಬಾತ್‌ರೂಮ್ ಬಾಗಿಲು, ಕಿಟಕಿ ಗಾಜು, ಕೊನೆಯಲ್ಲಿ "ಇತರೆ". ಎಲ್ಲ ಕಳೆದರೆ ಅಡ್ವಾನ್ಸಿನಲ್ಲಿ ಉಳಿಯುವುದು ಚೂರುಪಾರು. "ಚೆನ್ನಾಗೇ ಇಟ್ಕೊಂಡಿದ್ದೀರ" ಅಂದ ಮನೆಗೇ ಈ ಪಟ್ಟಿ. ನಾನು ಅವತ್ತು ರಾತ್ರಿ ನಿದ್ದೆ ಮಾಡಲಿಲ್ಲ. ದುಡ್ಡಿನ ಚಿಂತೆ ಒಂದು ಕಡೆ. ಅಷ್ಟು ವರ್ಷ ಹಬ್ಬಕ್ಕೆ ಹರಿದಿನಕ್ಕೆ ಮನೆಗೆ ಬಂದು ಕೂತು ಹೋದವರು ನಮ್ಮನ್ನು ಮನೆ ಕೆಡಿಸಿದವರ ಸಾಲಿಗೆ ಸೇರಿಸಿದರಲ್ಲ ಅನ್ನುವ ನೋವು ಇನ್ನೊಂದು ಕಡೆ.

ಸವೆದದ್ದು ಬೇರೆ, ಕೆಡಿಸಿದ್ದು ಬೇರೆ

ಇಂಥ ಜಗಳಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ. ಮನೆಯಲ್ಲಿ ಜನ ಬದುಕಿದರೆ ಮನೆ ಸವೆಯುತ್ತದೆ. ಬಣ್ಣ ಮಾಸುತ್ತದೆ, ನಲ್ಲಿಯ ವಾಷರ್ ಹೋಗುತ್ತದೆ, ಓಡಾಡುವ ಕಡೆ ನೆಲದ ಹೊಳಪು ಇಳಿಯುತ್ತದೆ. ಬಾಡಿಗೆ ಕೊಡುವುದೇ ಇದಕ್ಕೆ ಅಲ್ವಾ? ಒಡೆದದ್ದು, ಸುಟ್ಟದ್ದು, ಕಿತ್ತುಹಾಕಿದ್ದು ಬೇರೆ. ಭಾರತದ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಇದನ್ನು ಅಷ್ಟು ಹಿಂದೆಯೇ ಹೇಳಿದೆ. ಬಾಡಿಗೆದಾರರು ಮನೆಯನ್ನು ತಾವು ಪಡೆದಾಗ ಇದ್ದ ಹಾಗೆ ವಾಪಸ್ ಕೊಡಬೇಕು, ಆದರೆ ಸಹಜವಾದ ಸವೆತ ಮತ್ತು ಯಾರಿಂದಲೂ ತಡೆಯಲಾಗದ್ದರಿಂದ ಆದ ಬದಲಾವಣೆ ಇದಕ್ಕೆ ಸೇರುವುದಿಲ್ಲ. ಈ ವಾಕ್ಯ ಓದಿದ ದಿನ ನನಗೆ ದೊಡ್ಡ ಧೈರ್ಯ ಬಂತು. ನಾನು ಹಟಕ್ಕೆ ಬಿದ್ದು ಕೇಳುತ್ತಿಲ್ಲ, ಇದು ಹಳೇ ಕಾಲದಿಂದ ಒಪ್ಪಿಕೊಂಡ ಮಾತು ಅಂತ.

ಆದರೆ ಸವೆತ ಎಲ್ಲಿ ಮುಗಿಯುತ್ತದೆ, ಕೆಡಿಸಿದ್ದು ಎಲ್ಲಿ ಶುರುವಾಗುತ್ತದೆ? ಇದಕ್ಕೆ ನಾನು ನೋಡಿದ್ದರಲ್ಲಿ ತುಂಬಾ ಸ್ಪಷ್ಟವಾದ ಉತ್ತರ ಜಪಾನಿನದು. ಅಲ್ಲಿನ ಸರ್ಕಾರದ ಮಾರ್ಗಸೂಚಿ ಮೊದಲು ಬಂದದ್ದು 1998ರಲ್ಲಿ, ಆಮೇಲೆ ತಿದ್ದುಪಡಿಗಳೂ ಆಗಿವೆ. ಅದರ ಲೆಕ್ಕದಲ್ಲಿ ಗೋಡೆಗೆ ಅಂಟಿಸುವ ವಾಲ್‌ಪೇಪರಿನ ಆಯಸ್ಸು 6 ವರ್ಷ. ವರ್ಷದಿಂದ ವರ್ಷಕ್ಕೆ ಅದರ ಬೆಲೆ ಇಳಿಯುತ್ತಾ ಹೋಗಿ 6 ವರ್ಷಕ್ಕೆ 1 ಯೆನ್ ಆಗುತ್ತದೆ. ಮೂರು ವರ್ಷ ಹಳೆಯ ವಾಲ್‌ಪೇಪರ್ ಬಾಡಿಗೆದಾರರಿಂದ ಹರಿದರೂ ಹೊಸದರ ಪೂರ್ತಿ ಬೆಲೆಯನ್ನು ಅವರ ಮೇಲೆ ಹಾಕುವ ಹಾಗಿಲ್ಲ. 2020ರ ಏಪ್ರಿಲ್‌ನಿಂದ ಸಹಜ ಸವೆತಕ್ಕೆ ಬಾಡಿಗೆದಾರರು ಹೊಣೆಯಲ್ಲ ಅನ್ನುವುದನ್ನು ಜಪಾನಿನ ಸಿವಿಲ್ ಕೋಡ್‌ನಲ್ಲೇ ಬರೆದಿದ್ದಾರೆ. ಈ ಲೆಕ್ಕ ತಲೆಗೆ ಹೋದ ಮೇಲೆ ಓನರ್ ಕಳಿಸಿದ ಚೀಟಿ ನನಗೆ ಬೇರೆ ಥರ ಕಾಣಿಸಿತು. ಅದರಲ್ಲಿ ಬಣ್ಣದ ಖರ್ಚು ಇತ್ತು, ಬಣ್ಣದ ವಯಸ್ಸು ಇರಲಿಲ್ಲ. ಬಾಗಿಲಿನ ಬೆಲೆ ಇತ್ತು, ಬಾಗಿಲು ಎಷ್ಟು ವರ್ಷ ಹಳೆಯದು ಅಂತ ಇರಲಿಲ್ಲ. ಹಳೆಯದು ಕೊಟ್ಟು ಹೊಸದರ ದುಡ್ಡು ಕೇಳಿದ ಹಾಗಿತ್ತು.

ಮೊದಲು ಒಂದು ಪತ್ರ ಬರೆದೆವು. ಅದರಲ್ಲಿ ಸಿಟ್ಟಿನ ಮಾತು ಒಂದೂ ಇರಬಾರದು ಅಂತ ಯಜಮಾನರು ಪಟ್ಟು ಹಿಡಿದರು, ಅದು ಒಳ್ಳೆಯದೇ ಆಯಿತು. ಅಡ್ವಾನ್ಸ್ ಎಷ್ಟು, ಯಾವತ್ತು, ಯಾವ ಖಾತೆಯಿಂದ ಹೋಯಿತು. ಕೀ ಯಾವತ್ತು ಕೊಟ್ಟೆವು. ಪಟ್ಟಿಯಲ್ಲಿ ಯಾವುದನ್ನು ಒಪ್ಪುತ್ತೇವೆ, ಯಾವುದನ್ನು ಒಪ್ಪುವುದಿಲ್ಲ, ಯಾಕೆ. ಯಾವ ತಾರೀಖಿನೊಳಗೆ ಕೊಡಬೇಕು, ಕೊಡದಿದ್ದರೆ ಏನು ಮಾಡುತ್ತೇವೆ. ಇಷ್ಟೇ. ಗಾಜಿನ ಖರ್ಚನ್ನು ಮೊದಲ ಸಾಲಿನಲ್ಲೇ ಒಪ್ಪಿಕೊಂಡೆವು. ಇಂಥ ಪತ್ರವನ್ನು ಮುಂದೊಂದು ದಿನ ಮೂರನೆಯವರು ಓದುತ್ತಾರೆ ಅಂದುಕೊಂಡು ಬರೆಯಬೇಕು. ಕೋಪ ತೀರಿಸಿಕೊಳ್ಳಲು ಬರೆದ ಪತ್ರ ಕೋರ್ಟಿನಲ್ಲಿ ನಮಗೇ ಮುಜುಗರ ತರುತ್ತದೆ.

ಉತ್ತರ ಬರಲಿಲ್ಲ. ತಾರೀಖು ದಾಟಿತು. ಕೇಸು ಹಾಕಿದೆವು. ಇಲ್ಲಿ ಒಂದು ಮಾತು ಹೇಳಲೇಬೇಕು. "ನೋಡೋಣ, ಇನ್ನೊಂದು ಸ್ವಲ್ಪ ದಿನ" ಅಂತ ವರ್ಷಗಟ್ಟಲೆ ಕಾಯುವವರನ್ನು ನಾನು ನೋಡಿದ್ದೇನೆ. ಕಾನೂನಿಗೆ ಗಡಿಯಾರ ಇದೆ. ಭಾರತದಲ್ಲಿ 1963ರ ಕಾಲಮಿತಿ ಕಾಯ್ದೆ ಪ್ರಕಾರ ಇಂಥ ಹಣದ ದಾವೆಗೆ ಸಾಮಾನ್ಯವಾಗಿ 3 ವರ್ಷ ಸಮಯ. ಅದು ಕಳೆದರೆ ಎಷ್ಟೇ ನ್ಯಾಯ ನಮ್ಮ ಕಡೆ ಇದ್ದರೂ ಕೋರ್ಟ್ ಕೇಳದೇ ಹೋಗಬಹುದು. ಜರ್ಮನಿಯಲ್ಲಿ ಈ ಗಡಿಯಾರ ಓನರ್ ಮೇಲೂ ಓಡುತ್ತದೆ. ಮನೆ ಕೆಡಿಸಿದ್ದಾರೆ ಅನ್ನುವ ದೂರಿದ್ದರೆ ಮನೆ ವಾಪಸ್ ಸಿಕ್ಕ 6 ತಿಂಗಳೊಳಗೆ ಕೇಳಬೇಕು, ಆಮೇಲೆ ಆ ದೂರಿನ ಕಾಲಮಿತಿ ಮುಗಿಯುತ್ತದೆ. ಇದು ನನಗೆ ತುಂಬಾ ಇಷ್ಟವಾಯಿತು. ಕಾಯಿಸುವುದರಿಂದ ಯಾರಿಗೂ ಲಾಭ ಆಗಬಾರದು.

"ಈ ಕಲೆ ಆಗಲೇ ಇತ್ತಾ?"

ಕೋರ್ಟ್ ಅಂದರೆ ವಾದ, ಗದ್ದಲ ಅಂದುಕೊಂಡಿದ್ದೆ. ನಮ್ಮದು ಸಣ್ಣ ಮೊತ್ತದ ಕೇಸು, ವಕೀಲರನ್ನು ಇಟ್ಟರೆ ಸಿಗುವ ದುಡ್ಡು ಅವರಿಗೇ ಹೋಗುತ್ತದೆ ಅಂತ ನಾವೇ ನಿಂತೆವು. ಜಡ್ಜ್ ಮೇಡಂ ನಮ್ಮ ಫೈಲನ್ನು ಮುಂಚೆಯೇ ಓದಿಕೊಂಡಿದ್ದರು. ನಾನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳನ್ನು ಹೇಳಲು ಶುರು ಮಾಡಿದಾಗ ಕೈ ಎತ್ತಿ ನಿಲ್ಲಿಸಿದರು. ಓನರ್ ಕಡೆ ತಿರುಗಿದರು. ಪಟ್ಟಿಯ ಮೊದಲ ಸಾಲಿನ ಕೆಳಗೆ ಪೆನ್ನು ಇಟ್ಟು ಕೇಳಿದರು.

"ಇವರು ಬರೋಕ್ಕೆ ಮುಂಚೆ ಬಣ್ಣ ಯಾವಾಗ ಹೊಡೆಸಿದ್ರಿ?"

"ಸ್ವಲ್ಪ ಮುಂಚೆ ಮೇಡಂ."

"ಸ್ವಲ್ಪ ಅಂದ್ರೆ? ಬಿಲ್ ಇದೆಯಾ?"

"ಗೊತ್ತಿರೋ ಪೇಂಟರ್ ಮೇಡಂ, ಬಿಲ್ಲೆಲ್ಲ ಕೊಡಲ್ಲ."

ನಾವು ಆ ಮನೆಗೆ ಹೋದ ಮೊದಲ ದಿನವೇ ಪ್ರತಿ ರೂಮಿನ ಫೋಟೊ ತೆಗೆದು ಓನರ್‌ಗೆ ಇಮೇಲ್ ಮಾಡಿದ್ದೆವು. ಅದು ಯಜಮಾನರ ಅಭ್ಯಾಸ, ಮುಂದೆ ಜಗಳ ಆದೀತು ಅಂತ ಮಾಡಿದ್ದಲ್ಲ. ಆ ಇಮೇಲಿನ ತಾರೀಖೇ ನಮ್ಮ ಕೇಸಿನ ಬೆನ್ನೆಲುಬಾಯಿತು. ಜಡ್ಜ್ ಬೆಡ್‌ರೂಮ್ ಫೋಟೊದ ಪ್ರಿಂಟ್ ತೆಗೆದು ಓನರ್ ಕೈಗೆ ಕೊಡಿಸಿದರು. ಕಿಟಕಿ ಮೇಲಿನ ತೇವದ ಕಲೆ ಅದರಲ್ಲಿ ಸ್ಪಷ್ಟವಾಗಿತ್ತು. "ಈ ಕಲೆ ಆಗಲೇ ಇತ್ತಾ?" ಅಂತ ಕೇಳಿದರು. ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಫೋಟೊವನ್ನು ಹತ್ತಿರ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. "ಇತ್ತು ಮೇಡಂ" ಅಂದರು. ಇಲ್ಲ ಅನ್ನಬಹುದಿತ್ತು, ನೆನಪಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಆ ಕ್ಷಣಕ್ಕೆ ಅವರ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿದುಹೋಯಿತು.

"ಈಗ ಬಣ್ಣ ಹೊಡೆಸಿದ್ರಾ?"

"ಇಲ್ಲ. ಕೊಟೇಶನ್ ತಗೊಂಡಿದ್ದೀನಿ."

"ಮನೆ ಖಾಲಿ ಇದೆಯಾ?"

"ಬೇರೆಯವರು ಬಂದಾಗಿದೆ ಮೇಡಂ."

ಜಡ್ಜ್ ಏನೋ ಬರೆದುಕೊಂಡರು. ನಾನು ಪುಟಗಟ್ಟಲೆ ಬರೆದು ಹೇಳಬೇಕು ಅಂದುಕೊಂಡಿದ್ದು ಈ ಕೆಲವೇ ಪ್ರಶ್ನೆಗಳಲ್ಲಿ ಮುಗಿದಿತ್ತು. ಕೊಟೇಶನ್ ಅಂದರೆ ಮುಂದೆ ಖರ್ಚಾಗಬಹುದು ಅನ್ನುವ ಅಂದಾಜು. ಬಿಲ್ ಅಂದರೆ ಖರ್ಚಾದ ದುಡ್ಡು. ಕೋರ್ಟ್‌ಗೆ ಇವೆರಡರ ನಡುವೆ ದೊಡ್ಡ ವ್ಯತ್ಯಾಸ ಇದೆ. ಇಂಥ ಕೇಸಿಗೆ ಹೋಗುವವರಿಗೆ ನನ್ನ ಒಂದೇ ಸಲಹೆ ಇದು: ಓನರ್ ಪಟ್ಟಿಯ ಪ್ರತಿ ಸಾಲಿಗೂ ಮೂರು ಪ್ರಶ್ನೆ ಬರೆದುಕೊಳ್ಳಿ. ಮೊದಲು ಹೇಗಿತ್ತು, ಎಷ್ಟು ಹಳೆಯದು, ಖರ್ಚಾದ ಬಿಲ್ ಎಲ್ಲಿ. ಹಾಗೇ ವಾಟ್ಸಾಪ್ ಸ್ಕ್ರೀನ್‌ಶಾಟ್ ಇದ್ದರೆ ಸಾಕು ಅಂತ ಕೂರಬೇಡಿ. ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಎಲೆಕ್ಟ್ರಾನಿಕ್ ದಾಖಲೆಯ ಪ್ರಿಂಟ್ ಜೊತೆ ಪ್ರಮಾಣಪತ್ರ ಕೇಳುತ್ತದೆ. ಮೂಲ ಮೆಸೇಜು ಫೋನಿನಲ್ಲಿ ಇರಲಿ, ಅಳಿಸಬೇಡಿ.

ಬಣ್ಣ, ಕ್ಲೀನಿಂಗ್, ನಲ್ಲಿ, "ಇತರೆ" ನಾಲ್ಕೂ ಪಟ್ಟಿಯಿಂದ ಬಿದ್ದುಹೋದವು. ಗಾಜು ನಮ್ಮ ಖರ್ಚು. ಬಾತ್‌ರೂಮ್ ಬಾಗಿಲಿನ ಕೆಳಭಾಗ ನೀರು ಕುಡಿದು ಉಬ್ಬಿತ್ತು, ಅದರಲ್ಲಿ ಒಂದು ಪಾಲನ್ನು ನಮ್ಮ ಮೇಲೆ ಹಾಕಿದರು. ಈ ತೀರ್ಮಾನ ನನಗೆ ಈಗಲೂ ಸರಿ ಅನ್ನಿಸಿಲ್ಲ. ಬಾತ್‌ರೂಮಿನಲ್ಲಿ ನೀರು ಸೋರುತ್ತಿದೆ ಅಂತ ನಾವು ಮೆಸೇಜ್ ಮಾಡಿದ್ದೆವು, ರಿಪೇರಿ ಮಾಡಿಸಬೇಕಾದವರು ಅವರು. ಆದರೆ ಬಣ್ಣದ ಖರ್ಚು ಹೋದದ್ದೇ ದೊಡ್ಡದು, ನಾವು ಮುಂದೆ ಎಳೆಯಲಿಲ್ಲ.

ಬೆಂಚಿನ ಮೇಲೆ

ಆದೇಶ ಬರುವುದಕ್ಕೆ ಮುಂಚಿನ ಒಂದು ದಿನ, ಕೋರ್ಟಿನ ಹೊರಗಿನ ಬೆಂಚಿನಲ್ಲಿ ನಾವಿಬ್ಬರು, ಓನರ್ ಅಂಕಲ್, ಮೂವರೂ ಕೂತಿದ್ದೆವು. ಬೇರೆ ಜಾಗ ಇರಲಿಲ್ಲ. ಯಾರೂ ಮಾತಾಡಲಿಲ್ಲ. ಆಮೇಲೆ ಅಂಕಲ್ಲೇ, ನನ್ನ ಕಡೆ ನೋಡದೆ, ಮೆಲ್ಲಗೆ ಹೇಳಿದರು. "ಆ ದುಡ್ಡು ಯಾವತ್ತೋ ಮಗಳ ಓದಿಗೆ ಹೋಯ್ತಮ್ಮ. ಹೊಸಬರು ಕೊಡೋ ಅಡ್ವಾನ್ಸಲ್ಲಿ ನಿಮ್ಮದು ಕೊಡೋಣ ಅಂತಿದ್ದೆ. ಅವರು ಅರ್ಧ ಈಗ, ಅರ್ಧ ಆಮೇಲೆ ಅಂದ್ರು."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಅಷ್ಟು ತಿಂಗಳು ನಾವು ಗೋಡೆ, ಬಾಗಿಲು, ನಲ್ಲಿ ಅಂತ ಜಗಳ ಆಡಿದ್ದೆವು. ನಿಜವಾದ ವಿಷಯ ಗೋಡೆಯದೇ ಅಲ್ಲ. ಕೊಡಲು ದುಡ್ಡು ಇರಲಿಲ್ಲ. ದುಡ್ಡು ಇಲ್ಲದ್ದನ್ನು ಹೇಳಲು ಅವರಿಗೆ ಆಗಲಿಲ್ಲ. ಆ ಕೊರತೆಗೆ ತಕ್ಕ ಹಾಗೆ ಪಟ್ಟಿ ಬೆಳೆಯಿತು. ಮೊಳೆ ತೂತಿನಿಂದ ಶುರುವಾದದ್ದು ಇಡೀ ಮನೆಯ ಬಣ್ಣಕ್ಕೆ ಹೋಯಿತು. ಎಲ್ಲ ಓನರುಗಳೂ ಹೀಗೇ ಅಂತ ನಾನು ಹೇಳಲಾರೆ, ಬೇಕಂತಲೇ ನುಂಗುವವರೂ ಇದ್ದಾರೆ. ಆದರೆ ಒಂದೋ ಎರಡೋ ಮನೆ ಬಾಡಿಗೆಗೆ ಕೊಟ್ಟಿರುವ ಎಷ್ಟೋ ಸಾಮಾನ್ಯ ಜನರ ಕೈಯಲ್ಲಿ ಅಡ್ವಾನ್ಸ್ ದುಡ್ಡು ನಿಲ್ಲುವುದಿಲ್ಲ. ಮದುವೆ, ಆಸ್ಪತ್ರೆ, ಸಾಲದ ಕಂತು. ಅದನ್ನು ಬೇರೆ ಇಡಬೇಕು ಅಂತ ಯಾರೂ ಅವರಿಗೆ ಹೇಳಿರುವುದಿಲ್ಲ.

ಅದಕ್ಕೇ ಇದನ್ನು ಒಳ್ಳೆಯ ಓನರ್, ಕೆಟ್ಟ ಓನರ್ ಅನ್ನುವ ಪ್ರಶ್ನೆಯಾಗಿ ನೋಡುವುದನ್ನು ನಾನು ಬಿಟ್ಟಿದ್ದೇನೆ. ಆ ದುಡ್ಡು ಓನರ್ ಕೈಯಲ್ಲಿ ಯಾಕೆ ಇರಬೇಕು? ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 1977ರ ಕಾನೂನಿನಿಂದಲೇ ಬಾಡಿಗೆ ಠೇವಣಿಗೆ ಸರ್ಕಾರದ ಒಂದು ಮಂಡಳಿ ಇದೆ, ಓನರ್ ಪಡೆದ ದುಡ್ಡನ್ನು ಅಲ್ಲಿ ಇಡಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2007ರ ಏಪ್ರಿಲ್ 6ರಿಂದ ಠೇವಣಿಯನ್ನು ಸರ್ಕಾರ ಒಪ್ಪಿದ ಯೋಜನೆಯೊಂದರಡಿ ರಕ್ಷಿಸಬೇಕು ಅನ್ನುವ ನಿಯಮ ಬಂತು. ಈಗ ಇಂಗ್ಲೆಂಡಿನಲ್ಲಿ ಓನರ್ ಅದನ್ನು 30 ದಿನದೊಳಗೆ ಮಾಡದಿದ್ದರೆ ಕೋರ್ಟ್ ಠೇವಣಿಯ ಒಂದರಿಂದ ಮೂರು ಪಟ್ಟು ಕೊಡಿಸಬಹುದು. ಜಗಳ ಬಂದರೆ ಆ ಯೋಜನೆಯವರೇ ಕೋರ್ಟಿನ ಹೊರಗೆ ಪುಕ್ಕಟೆ ಬಗೆಹರಿಸುವ ದಾರಿಯೂ ಇದೆ. ಅಲ್ಲಿ ಹಿಡಿದುಕೊಳ್ಳಲು ಕಾರಣ ತೋರಿಸಬೇಕಾದವರು ಓನರ್. ಜರ್ಮನಿಯಲ್ಲಿ ಠೇವಣಿ 3 ತಿಂಗಳ ಬಾಡಿಗೆ ದಾಟುವ ಹಾಗಿಲ್ಲ, ಓನರ್ ಅದನ್ನು ತನ್ನ ಆಸ್ತಿಯಿಂದ ಬೇರೆಯಾಗಿ ಇಡಬೇಕು, ಬಡ್ಡಿ ಬಾಡಿಗೆದಾರರದು. ಭಾರತದಲ್ಲಿ 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ 2 ತಿಂಗಳ ಬಾಡಿಗೆಯ ಮಿತಿ ಹೇಳುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮ ಕಾನೂನು ಮಾಡಿದರೆ ಮಾತ್ರ ಜೀವ. ಮಿತಿ ಹಾಕುವುದು ಒಳ್ಳೆಯದು. ಆದರೆ ದುಡ್ಡು ಮೂರನೆಯವರ ಹತ್ತಿರ ಇದ್ದಿದ್ದರೆ ಆ ಬೆಂಚಿನ ಮೇಲೆ ಕೂರುವ ಪ್ರಸಂಗವೇ ನಮಗೂ ಬರುತ್ತಿರಲಿಲ್ಲ, ಅವರಿಗೂ ಬರುತ್ತಿರಲಿಲ್ಲ.

ಆದೇಶ ಆದ ಮೇಲೆ

ಆದೇಶ ಕೈಗೆ ಬಂದರೆ ದುಡ್ಡು ಬಂದ ಹಾಗಲ್ಲ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕೋರ್ಟ್ ಹೇಳಿದ ತಾರೀಖು ದಾಟಿದರೆ ಆದೇಶವನ್ನು ಅಮಲು ಮಾಡಿಸಿಕೊಡಿ ಅಂತ ಮತ್ತೆ ಅರ್ಜಿ ಹಾಕಬೇಕು, ಮತ್ತೆ ಓಡಾಡಬೇಕು. ತಾರೀಖು ದಾಟಿತು. ಅಮಲ್ಜಾರಿ ಅರ್ಜಿ ಹಾಕುತ್ತೇವೆ ಅಂತ ಒಂದು ಸಣ್ಣ ಪತ್ರ ಕಳಿಸಿದೆವು. ಅವರು ಫೋನ್ ಮಾಡಿ ಕಂತಿನಲ್ಲಿ ಕೊಡಬಹುದಾ ಅಂತ ಕೇಳಿದರು. ಒಪ್ಪಿದೆವು, ಆದರೆ ಬರೆದುಕೊಟ್ಟು ಸಹಿ ಹಾಕಿದ ಮೇಲೆ. ಹೇಳಿದ ತಾರೀಖಿಗೇ ಕೊಟ್ಟರು. "ಅಷ್ಟಕ್ಕೆಲ್ಲಾ ಕೋರ್ಟಿಗೆ ಹೋಗ್ಬೇಕಿತ್ತಾ?" ಅಂತ ನಮ್ಮವರೇ ಕೆಲವರು ಕೇಳಿದರು. ಹೋಗಬೇಕಿತ್ತು. ಆ ಚೀಟಿಯ ಒಂದೊಂದು ಸಾಲಿಗೂ ಯಾಕೆ ಅಂತ ಅವರನ್ನು ಕೇಳಿದ ಮೊದಲ ಜಾಗ ಅದು. ನಾವು ಕೇಳಿದಾಗ ಸಿಗದ ಉತ್ತರ ಅಲ್ಲಿ ಸಿಕ್ಕಿತು.

ಈಗಿನ ಮನೆಗೆ ಬರುವಾಗ ಅಗ್ರಿಮೆಂಟಿಗೆ ಎರಡು ಸಾಲು ಸೇರಿಸಿ ಅಂತ ಕೇಳಿದೆವು. ಮನೆ ಬಿಟ್ಟ ಒಂದು ತಿಂಗಳೊಳಗೆ ಅಡ್ವಾನ್ಸ್ ವಾಪಸ್ ಅಥವಾ ಬಿಲ್ ಸಮೇತ ಲೆಕ್ಕ. ಅಡ್ವಾನ್ಸನ್ನು ಬೇರೆ ಖಾತೆಯಲ್ಲಿ ಇಡುವುದು. ಹೊಸ ಓನರ್ ಆಂಟಿ ಎರಡು ಸಲ ಓದಿದರು. ಮೊದಲನೆಯದಕ್ಕೆ ಒಪ್ಪಿ, ನಮ್ಮಿಂದ ಏನಾದರೂ ಒಡೆದರೆ ಬಿಲ್ ನೋಡಿ ನಾವೂ ತಕರಾರಿಲ್ಲದೆ ಕೊಡಬೇಕು ಅಂತ ತಮ್ಮದೂ ಒಂದು ಸಾಲು ಬರೆಸಿದರು. ಅದು ನ್ಯಾಯವಾಗಿತ್ತು, ಸಹಿ ಹಾಕಿದೆವು. ಎರಡನೆಯದಕ್ಕೆ ಮಾತ್ರ ಒಪ್ಪಲಿಲ್ಲ. ಆ ದುಡ್ಡಿಗೆ ಆಗಲೇ ಬೇರೆ ಖರ್ಚು ಕಾದಿದೆ ಅಂದರು.